ಗುಜರಿ ಸ್ಪ್ರಿಂಗ್ ಪ್ಲೇಟಿನ ಬ್ಲೇಡ್: ನನ್ನ ಅನುಭವ

ಫೈಟ್ ಮಾಡುವ ರೋಬೋಗೆ ಗುಜರಿ ಕಬ್ಬಿಣದಲ್ಲಿ ಮಾಡಿದ ಬ್ಲೇಡ್ ಮೊದಲ ಹೊಡೆತಕ್ಕೇ ಮುರಿಯುತ್ತದೆ ಎಂದು ನನಗೆ ಹೇಳದವರಿಲ್ಲ. ಬೆಂಗಳೂರಿನ ಒಂದು ರೋಬೋ ತಂಡದವರಂತೂ ಫೋಟೋ ನೋಡಿಯೇ ಬೇಡ ಅಂದರು. ಅದೇ ಬ್ಲೇಡ್ ಈಗ ಎರಡು ಕಾಲೇಜು ಹಬ್ಬಗಳ ರೋಬೋ ಫೈಟ್ ಮುಗಿಸಿದೆ. ಹಲ್ಲಿನ ತುದಿ ಸ್ವಲ್ಪ ಮೊಂಡಾಗಿದೆ, ಅಷ್ಟೇ. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನದು 3 ಪೌಂಡ್ ಕ್ಲಾಸಿನ ವರ್ಟಿಕಲ್ ಸ್ಪಿನ್ನರ್, ಅಂದರೆ ಮುಂದೆ ನೆಟ್ಟಗೆ ತಿರುಗುವ ಬ್ಲೇಡಿನಿಂದ ಹೊಡೆಯುವ ರೋಬೋ. ಮಿತಿ ಸುಮಾರು 1.36 ಕೆಜಿ. ಅದರಲ್ಲಿ ಬ್ಲೇಡಿಗೇ 200 ಗ್ರಾಂ ಚಿಲ್ಲರೆ ಕೊಟ್ಟಿದ್ದೇನೆ. ಮೊದಲು ಎಂಎಸ್ (ಸಾಮಾನ್ಯ ಮೆದು ಉಕ್ಕು) ಪಟ್ಟಿ ಕತ್ತರಿಸಿ ಹಾಕಿದ್ದೆ. ಎದುರಾಳಿ ರೋಬೋದ ಇಳಿಜಾರು ಮೂತಿ, ಅಂದರೆ ವೆಡ್ಜ್‌ಗೆ ತಾಗಿ ಬಾಗಿತು, ಫ್ರೇಮಿಗೇ ಸಿಕ್ಕಿಕೊಂಡು ನಿಂತಿತು. ಆಮೇಲೆ ಹೊರಗಡೆಯಿಂದ ಗಟ್ಟಿ ಪ್ಲೇಟ್ ಲೇಸರ್ ಕಟ್ ಮಾಡಿಸಿದೆ. ಒಂದೇ ಪೀಸ್ ಅಂದರೆ ಅವರು ರೇಟ್ ಜಾಸ್ತಿ ಹಾಕುತ್ತಾರೆ. ಕೊರಿಯರ್ ಸೇರಿ 1800 ರೂಪಾಯಿ ಹತ್ತಿರ ಹೋಯಿತು. ಬ್ಲೇಡ್ ಚೆನ್ನಾಗಿಯೇ ಇತ್ತು. ಆದರೆ ಡಿಸೈನ್ ಒಂದು ಮಿಲಿಮೀಟರ್ ಬದಲಾದರೂ ಮತ್ತೆ ಅಷ್ಟೇ ದುಡ್ಡು, ಮತ್ತೆ ಅಷ್ಟೇ ದಿನ ಕಾಯಬೇಕು. ಬ್ಲೇಡ್ ಸುಧಾರಿಸಬೇಕು ಅಂದರೆ ಪದೇ ಪದೇ ಮಾಡಬೇಕು. ಈ ರೇಟಿನಲ್ಲಿ ಅದು ಆಗುವ ಮಾತಲ್ಲ.

ದಾವಣಗೆರೆಯಲ್ಲಿ ಪಿ.ಬಿ. ರೋಡ್ (ಹಳೇ ಪುಣೆ-ಬೆಂಗಳೂರು ರಸ್ತೆ) ಇದೆ, ಲಾರಿ ಗ್ಯಾರೇಜುಗಳಿವೆ, ಗುಜರಿ ಅಂಗಡಿಗಳಿವೆ. ಸ್ಪ್ರಿಂಗ್ ಪ್ಲೇಟ್, ಅಂದರೆ ಗಾಡಿಯ ಭಾರ ಹೊರುವ ಬಾಗಿದ ಉಕ್ಕಿನ ಪಟ್ಟಿ, ಕೆಜಿಗೆ 50-60 ರೂಪಾಯಿಗೆ ಸಿಗುತ್ತದೆ. ದೊಡ್ಡ ಲಾರಿಯದ್ದು ಬೇಡ, ದಪ್ಪ ಜಾಸ್ತಿ, ಗ್ರೈಂಡ್ ಮಾಡಿ ಮಾಡಿ ಕೈ ಸೋಲುತ್ತದೆ. ನಾನು ತೆಗೆದುಕೊಳ್ಳುವುದು ಸಣ್ಣ ಗೂಡ್ಸ್ ಗಾಡಿಯದ್ದು, 8 ಮಿಮೀ ಆಸುಪಾಸು. ಮಧ್ಯದ ಬೋಲ್ಟ್ ತೂತಿನ ಹತ್ತಿರದ ಭಾಗ ಬಿಟ್ಟುಬಿಡಿ. ಹಳೇ ಪ್ಲೇಟಿನಲ್ಲಿ ಕಣ್ಣಿಗೆ ಕಾಣದ ಬಿರುಕು ಇರುವುದು ಹೆಚ್ಚಾಗಿ ಅಲ್ಲೇ. ಪರೀಕ್ಷೆ ಸುಲಭ: ಸೀಮೆಎಣ್ಣೆಯಲ್ಲಿ ರಾತ್ರಿಯಿಡೀ ನೆನೆಸಿ, ಚೆನ್ನಾಗಿ ಒರೆಸಿ, ಚಾಕ್‌ಪೀಸ್ ಪುಡಿ ಸವರಿ. ಬಿರುಕಿದ್ದರೆ ಒಳಗಿನ ಎಣ್ಣೆ ಹೊರಬಂದು ಗೆರೆ ಮೂಡುತ್ತದೆ. ಮೊದಲ ಸಲ ತಂದ ರಾಶಿಯಲ್ಲಿ ಅರ್ಧಕ್ಕರ್ಧ ಹೀಗೆ ಪಕ್ಕಕ್ಕೆ ಹೋಯಿತು.

ಆಮೇಲೆ ಕುಲುಮೆ. ಪ್ಲೇಟ್ ಕೆಂಪಗೆ ಕಾಯಿಸಿ ಬೂದಿಯಲ್ಲಿ ಹೂತು ಮರುದಿನದವರೆಗೆ ಬಿಟ್ಟರೆ ಮೆತ್ತಗಾಗುತ್ತದೆ. ಆಗಲೇ ಕತ್ತರಿಸಬೇಕು, ತೂತು ಹೊಡೆಯಬೇಕು. ಶಾಫ್ಟ್ ತೂತು ಮಾತ್ರ ಹರಿಹರದಲ್ಲಿ ಲೇತ್ ಮೇಲೆ ಮಾಡಿಸುತ್ತೇನೆ. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಮಾಡುತ್ತಿದ್ದ ಊರು ಅದು. ಅಲ್ಲಿನ ಹಳಬರ ಕೈ ಅಳತೆಗೆ ನನ್ನ ವರ್ನಿಯರ್ ಬೇಕಾಗಲ್ಲ.

ಹದ ಹಾಕುವುದರಲ್ಲೇ, ಅಂದರೆ ಕಾಯಿಸಿ ತಣಿಸಿ ಉಕ್ಕನ್ನು ಗಟ್ಟಿ ಮಾಡುವುದರಲ್ಲೇ, ಎಲ್ಲ ಇರುವುದು. ನೀರಿಗೆ ಹಾಕಿದ ಬ್ಲೇಡ್ ಚಿಟ್ ಅಂತ ಬಿರುಕು ಬಿಟ್ಟಿತು. ಎಣ್ಣೆಗೆ ಹಾಕಿದ್ದು ಅರ ಹತ್ತದಷ್ಟು ಗಟ್ಟಿಯಾಯಿತು, ಆದರೆ ಟೆಸ್ಟಿನಲ್ಲಿ ಎರಡು ತುಂಡಾಯಿತು. ಕುಲುಮೆಯ ಅಜ್ಜನಿಗೆ ತುಂಡು ತೋರಿಸಿದೆ. ‘ತಮ್ಮಾ, ಇದು ಕುಡುಗೋಲಿನ ಹದ ಆಯ್ತು. ನಿಂದು ಹೊಡೆತ ತಿನ್ನೋ ವಸ್ತು, ನೀಲಿ ದಾಟಿಸಬೇಕು’ ಅಂದರು. ಅವರ ಮಾತು ಸರಿ. ಗಟ್ಟಿಯಾದ ಉಕ್ಕನ್ನು ಮತ್ತೆ ಕಾಯಿಸುವಾಗ ಅದರ ಮೈ ಬಣ್ಣ ಬದಲಾಗುತ್ತದೆ: ಒಣಹುಲ್ಲಿನ ಬಣ್ಣ ಬರುವುದು 220-230 ಡಿಗ್ರಿಗೆ, ನೀಲಿ 300ರ ಸುತ್ತ. ಸ್ಪ್ರಿಂಗ್ ಉಕ್ಕಿಗೆ 400 ದಾಟಬೇಕು, ಆಗ ಗಟ್ಟಿತನ ಸ್ವಲ್ಪ ಇಳಿದು ತಾಳಿಕೆ ಬರುತ್ತದೆ. ಈಗ ನಾನು ಅಯಸ್ಕಾಂತ ಹಿಡಿಯುವುದು ಬಿಟ್ಟ ಮೇಲೂ ಸ್ವಲ್ಪ ಕಾಯಿಸಿ, ಬೆಚ್ಚಗಿನ ಎಣ್ಣೆಗೆ ಇಳಿಸಿ, ಮತ್ತೆ ನೀಲಿ ಮಾಯವಾಗಿ ಬೂದು ಬರುವ ತನಕ ಕಾಯಿಸುತ್ತೇನೆ, ಎರಡು ಸಲ. ಯಾವ ಎಣ್ಣೆ, ಎಷ್ಟು ಹೊತ್ತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಮುಂದಿನ ಹಬ್ಬದಲ್ಲಿ ನನಗೂ ಗೆಲ್ಲಬೇಕು!

ಎರಡು ಹಲ್ಲಿನಿಂದ ಒಂದು ಹಲ್ಲಿಗೆ ಬಂದದ್ದು ಇನ್ನೊಂದು ದೊಡ್ಡ ಬದಲಾವಣೆ. ಲೆಕ್ಕ ನೋಡಿ. ಬ್ಲೇಡ್ ನಿಮಿಷಕ್ಕೆ 9000 ಸುತ್ತು ಅಂದರೆ ಸೆಕೆಂಡಿಗೆ 150 ಸುತ್ತು. ರೋಬೋ ಸೆಕೆಂಡಿಗೆ 2 ಮೀಟರ್ ನುಗ್ಗಿದರೆ, ಎರಡು ಹಲ್ಲಿಗೆ ಸಿಗುವ ಕಚ್ಚು (ಹಲ್ಲು ಎದುರಾಳಿಯೊಳಗೆ ಹೋಗಬಲ್ಲ ಆಳ) 6-7 ಮಿಮೀ, ಒಂದೇ ಹಲ್ಲಿಗೆ 13 ಮಿಮೀ. ಎರಡು ಹಲ್ಲಿದ್ದಾಗ ಸುಮ್ನೆ ಉಜ್ಜಿಕೊಂಡು ಕಿಡಿ ಹಾರಿಸುತ್ತಿತ್ತು. ಈಗ ಕಚ್ಚಿ ಎತ್ತಿ ಎಸೆಯುತ್ತದೆ. ಶಕ್ತಿ ನನ್ನ ಅಂದಾಜಿಗೆ 140-150 ಜೂಲ್. ಆದರೆ ಬ್ಯಾಲೆನ್ಸ್ ಮಾಡುವುದು ಕಷ್ಟ. ಹಲ್ಲಿಲ್ಲದ ಗಿಡ್ಡ ತುದಿಯನ್ನು ಅಗಲ ಬಿಟ್ಟು, ಶಾಫ್ಟ್ ಹಾಕಿ, ಶಾಫ್ಟನ್ನು ಎರಡು ಚೂಪು ಅಂಚುಗಳ ಮೇಲಿಟ್ಟು, ಎಲ್ಲಿ ನಿಲ್ಲಿಸಿದರೂ ಉರುಳದ ತನಕ ಅರದಿಂದ ಉಜ್ಜಬೇಕು. ಒಂದು ಇಡೀ ಮಧ್ಯಾಹ್ನದ ಕೆಲಸ ಅದು.

ಮೋಟರ್ 1400 ಕೆವಿ (ಒಂದು ವೋಲ್ಟಿಗೆ ನಿಮಿಷಕ್ಕೆ 1400 ಸುತ್ತು), ಬ್ಯಾಟರಿ 3 ಸೆಲ್ ಲಿಪೋ (ಲಿಥಿಯಂ ಪಾಲಿಮರ್), ಬೆಲ್ಟಿನಲ್ಲಿ ವೇಗವನ್ನು ಒಂದಕ್ಕೆ ಒಂದೂವರೆ ಚಿಲ್ಲರೆ ಇಳಿಸಿದ್ದೇನೆ. ಹಲ್ಲಿನ ಬೆಲ್ಟ್ ಹಾಕಿದಾಗ ಹಲ್ಲುಗಳೇ ಕಿತ್ತು ಬಂದವು. ಹೊಲಿಗೆ ಮಷಿನ್ ಮೋಟರಿನ ರಬ್ಬರ್ ಬೆಲ್ಟ್ ಕೂಡ ನೋಡಿದೆ, 40 ರೂಪಾಯಿಯದ್ದು. ಬಿಸಿಗೆ ಹಿಗ್ಗಿತು. ಕೊನೆಗೆ ಗುಂಡನೆಯ ಪಿಯು (ಪಾಲಿಯುರೆಥೇನ್) ಬೆಲ್ಟ್ ತಂದು, ಕಾದ ಚಾಕುವಿನಿಂದ ಎರಡೂ ತುದಿ ಕರಗಿಸಿ ಅಂಟಿಸಿದೆ. ಹೊಡೆತ ಬಿದ್ದಾಗ ಇದು ಜಾರುತ್ತದೆ, ಮೋಟರ್ ಉಳಿಯುತ್ತದೆ. ಚಕ್ರಕ್ಕೆ ಹವಾಯಿ ಚಪ್ಪಲಿ ಅಟ್ಟೆ ಕತ್ತರಿಸಿ ನೋಡಿದ್ದೂ ಉಂಟು. ಹಿಡಿತ ಬಹಳ ಚೆನ್ನಾಗಿತ್ತು, ಆದರೆ ಒಂದು ಫೈಟಿಗೇ ಸವೆದುಹೋಯಿತು. ಚಿಕ್ಕ ರೋಬೋ ಮಾಡುವವರು ಇದನ್ನು ಖಂಡಿತ ನೋಡಬಹುದು.

ಬಾಡಿ ಎಚ್‌ಡಿಪಿಇ, ಒಂದು ಗಟ್ಟಿ ಪ್ಲಾಸ್ಟಿಕ್. ಪಾತ್ರೆ ಅಂಗಡಿಯ ತರಕಾರಿ ಹೆಚ್ಚುವ ದಪ್ಪ ಮಣೆ, 300 ರೂಪಾಯಿ. ಕೆಲವು ಮಣೆ ಬೇರೆ ಪ್ಲಾಸ್ಟಿಕ್ ಇರುತ್ತದೆ, ಒಂದು ಮೂಲೆ ಬಗ್ಗಿಸಿ ನೋಡಿ ತನ್ನಿ. ಬ್ಲೇಡ್ ತಿರುಗಿಸಿ ನೋಡುವ ಮುಚ್ಚಿದ ಟೆಸ್ಟ್ ಪೆಟ್ಟಿಗೆಯಲ್ಲಿ ಮಾತ್ರ ದುಡ್ಡು ಉಳಿಸಬೇಡಿ. ಅಕ್ರಿಲಿಕ್ ಚೂರಾಗಿ ಹಾರುತ್ತದೆ, ಪಾಲಿಕಾರ್ಬೊನೇಟ್ ಹಾಕಿ. ಬ್ಲೇಡ್ ತಿರುಗದಂತೆ ತಡೆಯುವ ಲಾಕ್ ಪಿನ್ ಹಾಕದೆ ಬ್ಯಾಟರಿ ಜೋಡಿಸಲೇಬೇಡಿ. ನನ್ನ ತಮ್ಮನಿಗೂ ಈ ವಿಷಯದಲ್ಲಿ ರಿಯಾಯಿತಿ ಕೊಟ್ಟಿಲ್ಲ.

ರಿಮೋಟ್ ಬಿಟ್ಟು ಈಗಿನ ರೋಬೋಗೆ ಎಂಟು-ಒಂಬತ್ತು ಸಾವಿರ ಬಿದ್ದಿದೆ. ಅದರಲ್ಲಿ ಒಂದು ಬ್ಲೇಡಿನ ಪಾಲು ಕುಲುಮೆ, ಲೇತ್ ಕೂಲಿ ಎಲ್ಲ ಸೇರಿ 300 ದಾಟಲ್ಲ. ಹಾಗಾಗಿ ಫೈಟಿಗೆ ಮೂರು ಬ್ಲೇಡ್ ಒಯ್ಯುತ್ತೇನೆ. ವೆಡ್ಜ್ ಎದುರಿದ್ದರೆ ಗಿಡ್ಡದ್ದು, ಸ್ಪಿನ್ನರ್ ಎದುರಿದ್ದರೆ ಉದ್ದದ್ದು. ಬೇಡ ಅಂದಿದ್ದ ಬೆಂಗಳೂರಿನ ತಂಡವೂ ಕಳೆದ ತಿಂಗಳು ಪ್ಲೇಟ್ ಯಾವ ಗಾಡಿಯದ್ದು ಎಂದು ಕೇಳಿದೆ. ಗಾಡಿ ಯಾವುದೆಂದು ಹೇಳಿದೆ, ಎಣ್ಣೆ ಯಾವುದೆಂದು ಹೇಳಲಿಲ್ಲ.