ಅಬಾರ್ತ್‌ಗೆ ಅಂಕಲ್ ಟೈರ್

"ಬಲೇನೋಕ್ಕೆ ಹಾಕುವ ಟೈರ್ ತಂದು ಇದಕ್ಕೆ ಹಾಕ್ತೀಯಾ ಮಾರಾಯ? ಅಂಕಲ್ ಟೈರ್!" ಅಂತ ಕಳೆದ ವರ್ಷ ನಕ್ಕಿದ್ದ ಗೆಳೆಯ ಮೊನ್ನೆ ಫೋನ್ ಮಾಡಿ ಅದೇ ಟೈರಿನ ಹೆಸರು ಕೇಳಿದ. ಒಬ್ಬನಿಗೆ ಹೇಳುವ ಬದಲು ಎಲ್ಲರಿಗೂ ಹೇಳಿಬಿಡೋಣ ಅಂತ ಕೂತಿದ್ದೇನೆ.

ಗಾಡಿ ಫಿಯಟ್‌ನ ಅಬಾರ್ತ್ ಪುಂಟೋ. 1.4 ಟಿ-ಜೆಟ್, 145 ಎಚ್‌ಪಿ, ಎಳೆಯುವುದೆಲ್ಲ ಮುಂದಿನ ಚಕ್ರ. ಕಂಪನಿ ಸೈಜ್ 195/55 ಆರ್16, ಅಂದರೆ 195 ಎಂಎಂ ಅಗಲ, ಸೈಡ್‌ವಾಲ್ ಎತ್ತರ ಅದರ 55 ಪರ್ಸೆಂಟ್, 16 ಇಂಚಿನ ರಿಮ್. 2020ರ ಶುರುವಿನಲ್ಲಿ ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ತಂದೆ. ಶಿರಾಡಿ ಇಳಿಯುವಾಗ ಟೈರ್‌ನಲ್ಲಿ ಬಟನ್ (ರಸ್ತೆಗೆ ತಾಗುವ ರಬ್ಬರಿನ ಉಬ್ಬು) ಅಂತ ಹೇಳಿಕೊಳ್ಳುವ ಹಾಗೆ ಏನೂ ಇರಲಿಲ್ಲ. ಮಂಗಳೂರಿಗೆ ಬಂದು ಮೊದಲು ಮಾಡಿದ್ದೇ ಟೈರ್ ಕೆಲಸ. ಮೊದಲು ಎಡವಿದ್ದೂ ಅಲ್ಲೇ.

ನಮ್ಮ ಭಾನುವಾರದ ಡ್ರೈವ್ ಗುಂಪಿನಲ್ಲಿ ಎಲ್ಲರದ್ದೂ ಒಂದೇ ಮಾತು. 205/50 ಹಾಕು, ಸ್ಪೋರ್ಟ್ಸ್ ಪ್ಯಾಟರ್ನ್ ಹಾಕು, ಗಾಡಿ ನೆಲಕ್ಕೆ ಅಂಟುತ್ತದೆ. ಹಾಕಿದೆ. ನಾಲ್ಕಕ್ಕೆ 46 ಸಾವಿರ ಚಿಲ್ಲರೆ. ಅಂಟಿದ್ದು ನಿಜ. ಏಪ್ರಿಲ್‌ನಲ್ಲಿ ಸೋಮೇಶ್ವರದಿಂದ ಆಗುಂಬೆಗೆ ಹತ್ತಿದರೆ ಹದಿನಾಲ್ಕು ತಿರುವಿನಲ್ಲಿ ಒಂದರಲ್ಲೂ ಕಿರುಚಲಿಲ್ಲ. ಆದರೆ ಟೈರ್ ಎತ್ತರ ಕಡಿಮೆಯಾಗಿ ಗಾಡಿ ಐದು ಎಂಎಂ ಇಳಿಯಿತು. ಮೊದಲೇ ನೆಲದಿಂದ ಎತ್ತರ 155 ಎಂಎಂ, ನಮ್ಮ ಬದಿಯ ಹಂಪ್‌ಗಳು ಹೇಗೆ ಅಂತ ನಿಮಗೆ ಗೊತ್ತಲ್ವಾ? ಒಂದು ಗುಂಡಿಗೆ ಬಿದ್ದು ಸೈಡ್‌ವಾಲ್ ಉಬ್ಬಿತು, ಒಂದು ರಿಮ್ ಸೊಟ್ಟ ಆಯಿತು. ರಿಮ್ ಸರಿ ಮಾಡಿಸಲು 1,800. ಒಂದು ಟೈರ್ ಮತ್ತೆ ಹೊಸತು.

ಅದನ್ನೆಲ್ಲ ಸಹಿಸಿಕೊಂಡೆ. ಸಹಿಸಲು ಆಗದ್ದು 2021ರ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್‌ನ ಜೋರು ಮಳೆಯ ಹೊತ್ತು) ಆಯಿತು. ಅಮ್ಮನನ್ನು ಕೂರಿಸಿಕೊಂಡು ಉಡುಪಿಗೆ ಹೊರಟಿದ್ದೆ. ಕಾಪು ದಾಟುವ ಮೊದಲು, 80-85ರಲ್ಲಿ, ರಸ್ತೆ ಮೇಲೆ ಬೆರಳು ದಪ್ಪ ನೀರು. ಸ್ಟೀರಿಂಗ್ ಒಮ್ಮೆಗೇ ಹಗುರ ಆಯಿತು. ಆರ್‌ಪಿಎಂ ಮುಳ್ಳು ಸುಮ್ನೆ ಮೇಲೆ ಹಾರಿತು. ಚಕ್ರ ತಿರುಗುತ್ತಿದೆ, ಕೆಳಗೆ ರಸ್ತೆ ಇಲ್ಲ. ಎರಡು ಸೆಕೆಂಡ್ ಇರಬಹುದು. ಬಲಗಡೆ ಎಕ್ಸ್‌ಪ್ರೆಸ್ ಬಸ್ ಹಾರ್ನ್ ಹೊಡೆಯುತ್ತಾ ಹೋಯಿತು. ಅಮ್ಮ ಉದ್ಯಾವರದ ತನಕ ಮಾತಾಡಲಿಲ್ಲ. ಆಮೇಲೆ, "ಬರುವಾಗ ನಾನು ಬಸ್ಸಿನಲ್ಲಿ ಬರ್ತೇನೆ" ಅಂದರು.

ಮನೆಗೆ ಬಂದು ಗೇಜ್ ಇಟ್ಟು ನೋಡಿದರೆ ಮುಂದೆ 3.2 ಎಂಎಂ ಬಟನ್ ಇತ್ತು. ಕಾನೂನಿಗೆ 1.6 ಸಾಕು. ಅಂದರೆ ಲೆಕ್ಕದ ಪ್ರಕಾರ ಬೇಕಾದ್ದರ ಎರಡರಷ್ಟು. ಹೊಸತಾಗಿದ್ದಾಗ ಇದೇ ಟೈರ್ ಇದೇ ಮಳೆಯಲ್ಲಿ ಏನೂ ತೊಂದರೆ ಕೊಟ್ಟಿರಲಿಲ್ಲ. ಸವೆದ ಮೇಲೆ ಟೈರ್ ಎಷ್ಟು ನೀರು ಹೊರಗೆ ಹಾಕುತ್ತದೆ ಅನ್ನುವುದೇ ಮುಖ್ಯ ಅಂತ ಆ ದಿನವೇ ನನಗೆ ಹೊಳೆಯಬೇಕಿತ್ತು. ಹೊಳೆದದ್ದು ನಾಲ್ಕು ವರ್ಷ ಬಿಟ್ಟು.

ಆಗ ಹೊಳೆದದ್ದು ಬೇರೆ. ಯುರೋಪಿನವರು ಚಳಿಗಾಲಕ್ಕೊಂದು ಬೇಸಿಗೆಗೊಂದು ಟೈರ್ ಹಾಕ್ತಾರಲ್ಲ, ನಾನು ಮಳೆಗೊಂದು ಬಿಸಿಲಿಗೊಂದು ಹಾಕ್ತೇನೆ ಅಂತ. ಅವರದ್ದು ಹಿಮದ ಲೆಕ್ಕ. ಅವರ ಆಲ್ ಸೀಸನ್ ಟೈರ್ ಕೂಡ ಹಿಮ ನೋಡಿ ಮಾಡಿದ್ದು, ನಮ್ಮ ಏಪ್ರಿಲ್‌ನ ಡಾಂಬರಿಗೆ ಅದರ ರಬ್ಬರ್ ಮೆತ್ತಗಾಯಿತು. ಹಾಗಾಗಿ ಅದನ್ನು ಬಿಟ್ಟು ಎರಡು ಸೆಟ್ ಮಾಡಿದೆ. ಹಳೇ ಅಲಾಯ್ ರಿಮ್ ನಾಲ್ಕು 22 ಸಾವಿರಕ್ಕೆ ಸಿಕ್ಕಿತು. ಪತ್ತನಾಜೆಗೆ, ಅಂದರೆ ಮೇ 24ರ ಹೊತ್ತಿಗೆ, ಯಕ್ಷಗಾನ ಮೇಳದವರು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವಾಗ ನಾನು ರಿಮ್ ಬಿಚ್ಚುವುದು, ದೀಪಾವಳಿ ಕಳೆದ ಮೇಲೆ ತಿರುಗಿ ಹಾಕುವುದು.

ಮಳೆಯ ಸೆಟ್‌ಗೆ ಜಾಸ್ತಿ ದುಡ್ಡು ಯಾಕೆ ಅಂತ ಒಂದು ಅಂಗಡಿಯಲ್ಲಿ ಆಫರ್ ಹಿಡಿದೆ. ನಾಲ್ಕಕ್ಕೆ 19 ಸಾವಿರ. "ಹೊಸ ಸ್ಟಾಕ್ ಸಾರ್" ಅಂದ. ಮೂರು ತಿಂಗಳ ನಂತರ ಪಂಚರ್‌ಗೆ ಬಿಚ್ಚಿದಾಗ ಒಳಗಿನ ಬದಿಯಲ್ಲಿ ತಾರೀಖು ಕಂಡಿತು. 2219. ಅಂದರೆ 2019ರ 22ನೇ ವಾರ. ನಾನು ತಗೊಂಡದ್ದು 2022ರಲ್ಲಿ! ತಾರೀಖಿನ ನಾಲ್ಕು ಅಂಕಿ ಒಂದೇ ಬದಿಗೆ ಇರುತ್ತದೆ, ಆ ಬದಿ ಒಳಗೆ ಹೋಗಿತ್ತು. ನಾಲ್ಕೂ ಟೈರಿನದ್ದು ಆಕಸ್ಮಿಕವಾಗಿ ಒಳಗೇ ಹೋಗಿತ್ತು ಅಂತ ನಂಬುವಷ್ಟು ಪಾಪದವನಲ್ಲ ನಾನು. ರಬ್ಬರ್‌ಗೆ ಉಗುರು ಒತ್ತಿದರೆ ಹಲಗೆ ಒತ್ತಿದ ಹಾಗೆ.

ಆದರೂ ಎರಡು ಸೆಟ್ಟಿನ ನಾಟಕ ಮೂರು ವರ್ಷ ನಡೆಯಿತು. ಪ್ರತಿ ಸಲ ಬ್ಯಾಲೆನ್ಸಿಂಗ್, ಅಲೈನ್ಮೆಂಟ್ ಸೇರಿ 1,500. ಮೇಲಿನ ಶೆಡ್‌ನಲ್ಲಿ ಇಟ್ಟ ಸೆಟ್ಟಿನೊಳಗೆ ಬೆಕ್ಕು ಮರಿ ಹಾಕಿತು. 2025ರಲ್ಲಿ ಮುಂಗಾರು ಕೇರಳಕ್ಕೆ ಬಂದದ್ದೇ ಮೇ 24ಕ್ಕೆ, ಸರೀ ಪತ್ತನಾಜೆಯ ಹೊತ್ತಿಗೆ. ನಮ್ಮಲ್ಲಿ ಅದಕ್ಕೆ ಮೊದಲೇ ಸುರಿಯಲು ಶುರು. ನಾನು ಆಗ ಬೇಸಿಗೆ ಟೈರ್‌ನಲ್ಲಿ, ನಂತೂರಿನ ಇಳಿಜಾರಿನಲ್ಲಿ, ಎಬಿಎಸ್ ಕಟಕಟ ಅನ್ನಿಸುತ್ತಾ ಜಾರುತ್ತಿದ್ದೆ. ಅಲ್ಲಿಗೆ ಸಾಕಾಯಿತು. ಅಲ್ಲಿವರೆಗೆ ಹೋದ ದುಡ್ಡು ಲಕ್ಷಕ್ಕೆ ಸ್ವಲ್ಪ ಜಾಸ್ತಿ. ಹೆಂಡತಿಗೆ ಹೇಳಿದ್ದು ಅರವತ್ತು.

ನಡುವೆ ಮಾಡಿದ ಪ್ರಯೋಗಗಳೂ ಉಂಟು. ನೈಟ್ರೋಜನ್ ತುಂಬಿಸಿದೆ, ಒಂದು ಟೈರ್‌ಗೆ 50 ರೂಪಾಯಿ. ಏಪ್ರಿಲ್‌ನಲ್ಲಿ ಬೆಳಗ್ಗೆ ಒತ್ತಡ 32 ಪಿಎಸ್‌ಐ ಇದ್ದದ್ದು ಮಧ್ಯಾಹ್ನ ಓಡಿದ ಮೇಲೆ 36. ಮಾಮೂಲು ಗಾಳಿಗೂ ಅಷ್ಟೇ. ಬಿಟ್ಟೆ. ಆ ಹಲಗೆ ಟೈರ್ ಒಂದಕ್ಕೆ ಬ್ಲೇಡ್ ಬಿಸಿ ಮಾಡಿ ಸಣ್ಣ ಸಣ್ಣ ಸೀಳು ಕೊರೆದು ನೋಡಿದೆ, ಮಳೆಗೆ ಹಿಡಿತ ಬರಬಹುದು ಅಂತ. ಖಾಲಿ ಲೇಔಟ್‌ನಲ್ಲಿ ಎರಡು ಬ್ರೇಕ್ ಹೊಡೆದದ್ದಷ್ಟೇ, ಬಟನ್ ಕಿತ್ತು ಬಂತು. ಆ ಟೈರ್‌ನಲ್ಲಿ ಈಗ ಅಮ್ಮನ ಮಲ್ಲಿಗೆ ಗಿಡ ಉಂಟು. ನೀವು ಈ ಬ್ಲೇಡ್ ಕೆಲಸಕ್ಕೆ ಕೈ ಹಾಕಬೇಡಿ.

ಈಗ ಹಾಕಿದ್ದರ ಕಥೆ. ಈ ಸಲ ಅಂಗಡಿಗೆ ಹೋದಾಗ ಹೊಸ ಟೈರ್ ಹೇಗೆ ಅಂತ ಕೇಳಲೇ ಇಲ್ಲ. ಅರ್ಧ ಸವೆದ ಮೇಲೆ ಇದು ಎಷ್ಟು ನೀರು ಹೊರಗೆ ಹಾಕುತ್ತದೆ ಅಂತ ನೋಡಿದೆ. ಯುರೋಪಿನ ಲೇಬಲ್‌ನಲ್ಲಿ ಮಳೆ ಹಿಡಿತಕ್ಕೆ ಎ, ಬಿ ಅಂತ ಅಕ್ಷರ ಕೊಡುತ್ತಾರೆ. ಅದರಿಂದ ಈ ವಿಷಯ ತಿಳಿಯುವುದಿಲ್ಲ. ನನ್ನ ಅಳತೆ ಹಿಡಿಸೂಡಿ (ಪೊರಕೆ) ಕಡ್ಡಿ. ಜೇಬಿನಲ್ಲಿ ನಾಲ್ಕು ಕಡ್ಡಿ ಇಟ್ಟುಕೊಂಡು ಹೋದೆ. ಕೆಲವು ಟೈರ್‌ನ ತೋಡು ಮೇಲೆ ಅಗಲ, ಬುಡದಲ್ಲಿ ಕಿರಿದು. ಸವೆದ ಹಾಗೆ ತೋಡೂ ಸಣ್ಣದಾಗುತ್ತದೆ. ಬುಡದಲ್ಲಿ ಮೂರು ಕಡ್ಡಿ ಅಕ್ಕಪಕ್ಕ ಕೂತರೆ ಪಾಸ್. ನನ್ನ ಹಳೇ ಸ್ಪೋರ್ಟ್ಸ್ ಟೈರ್‌ಗೆ ಒಂದೂವರೆ ಕೂತಿತ್ತು. ಅಂಗಡಿಯ ಹುಡುಗ ನೋಡಿ, "ಎಂಥ ಮಾಡುದು ಅಣ್ಣ, ಗುಡಿಸುದಾ?" ಅಂದ.

ಎರಡನೆಯದು, ಅಗಲ ಹೆಚ್ಚಿಸಲಿಲ್ಲ. ಕಿರಿದಾದ ಟೈರ್ ನೀರು ಸೀಳುತ್ತದೆ, ಅಗಲದ್ದು ಅದರ ಮೇಲೆ ಕೂರುತ್ತದೆ. ಕಂಪನಿಯ 195/55ಕ್ಕೇ ವಾಪಸ್. ಬಲೇನೋ, ಐ20ಯ ಮೇಲಿನ ಮಾಡೆಲ್‌ಗಳಿಗೂ ಇದೇ ಸೈಜ್ ಆದ್ದರಿಂದ ಸ್ಟಾಕ್ ಓಡುತ್ತಿರುತ್ತದೆ, ಹಳೇ ತಾರೀಖಿನದ್ದು ಕಡಿಮೆ. ಕಡ್ಡಿ ಪರೀಕ್ಷೆ ಮೂರು ಟೈರ್ ಪಾಸಾದವು. ನಾನು ತಗೊಂಡದ್ದು ಮಿಶೆಲಿನ್ ಪ್ರೈಮಸಿ 4 ಎಸ್‌ಟಿ. ಒಂದಕ್ಕೆ ಒಂಬತ್ತು ಸಾವಿರದ ಮೇಲೆ, ಹಳತು ಕೊಟ್ಟು ಒಟ್ಟು 35 ಸಾವಿರದ ಆಸುಪಾಸು. ನಾಲ್ಕರ ತಾರೀಖೂ ಟಾರ್ಚ್ ಹಾಕಿ ನೋಡಿದ ಮೇಲೆಯೇ ರಿಮ್‌ಗೆ ಕೂರಿಸಲು ಬಿಟ್ಟದ್ದು. ಗುಂಪಿನಲ್ಲಿ ಫೋಟೋ ಹಾಕಿದೆ, ನಗು ಬಂತು. ಅಂಕಲ್ ಟೈರ್ ಅಂತ ಹೆಸರು ಬಿದ್ದದ್ದು ಆವತ್ತೇ.

ನಗಲಿ. ಮೊದಲ 300 ಕಿಲೋಮೀಟರ್ ಮೆತ್ತಗೆ ಓಡಿಸಿ, ಆಮೇಲೆ ಒಂದು ಜುಲೈ ಬೆಳಗ್ಗೆ ಐದೂವರೆಗೆ ಅದೇ ಖಾಲಿ ಲೇಔಟ್‌ಗೆ ಹೋದೆ. ಒದ್ದೆ ರಸ್ತೆ, 60ರಿಂದ ಪೂರ್ತಿ ಬ್ರೇಕ್. ಹಲಗೆ ಟೈರ್‌ನಲ್ಲಿ 26 ಮೀಟರ್ ಹೋಗಿತ್ತು. ಇದರಲ್ಲಿ 20ರ ಒಳಗೆ, ಮೂರು ಸಲವೂ. ಟೇಪ್ ಹಿಡಿದವನು ನನ್ನ ತಮ್ಮ, ಸಾಕ್ಷಿ ಬೇಕಾದರೆ ಕೇಳಿ. ಆದರೆ ನಿಜವಾದ ಪರೀಕ್ಷೆ ಮಲ್ಪೆಯಿಂದ ಬರುವ ಮೀನಿನ ಲಾರಿಯ ಹಿಂದೆ. ಅದರಿಂದ ಸೋರುವ ನೀರಿಗೆ ಎಣ್ಣೆಯ ಜಿಡ್ಡು. ಅದರ ಮೇಲೆ ಎರಡು ಹನಿ ಮಳೆ ಬಿದ್ದರೆ ಕಾಂಕ್ರೀಟ್ ರಸ್ತೆ ಸಾಬೂನು ಹಚ್ಚಿದ ಬಚ್ಚಲಿನ ಹಾಗೆ. ಅಲ್ಲೂ ಮುಂದಿನ ಚಕ್ರ ಎರಡನೇ ಗೇರ್‌ನಲ್ಲಿ ಸ್ವಲ್ಪ ತಿರುಗಿ ಹಿಡಿಯುತ್ತದೆ. ಮೊದಲು ತಿರುಗುತ್ತಲೇ ಇತ್ತು.

ಒಣ ರಸ್ತೆಯಲ್ಲಿ ಸ್ವಲ್ಪ ಕಳೆದುಕೊಂಡೆ, ಸುಳ್ಳು ಯಾಕೆ ಹೇಳಲಿ. ಆಗುಂಬೆಯ ಮೂರನೇ ತಿರುವಿಗೇ ಮುಂದಿನದ್ದು ಕಿರುಚುತ್ತದೆ, ಸೈಡ್‌ವಾಲ್ ಮೆತ್ತಗೆ ಅಂತ ಸ್ಟೀರಿಂಗ್‌ಗೆ ಗೊತ್ತಾಗುತ್ತದೆ. ಹತ್ತು ಪರ್ಸೆಂಟ್ ಹೋಯಿತು ಅಂತಿಟ್ಟುಕೊಳ್ಳಿ. ಅದಕ್ಕೆ ಬದಲು ಗುಂಡಿಗೆ ಬಿದ್ದರೆ ಹೊಟ್ಟೆ ಕಿವುಚುವುದಿಲ್ಲ, ಪಂಪ್‌ವೆಲ್ ಫ್ಲೈಓವರ್‌ನ ಜಾಯಿಂಟ್‌ಗಳು ಧಡ್ ಅನ್ನುವುದಿಲ್ಲ, ಮೈಲೇಜ್ ಹನ್ನೊಂದರಿಂದ ಹನ್ನೆರಡಕ್ಕೆ ಬಂದಿದೆ. ಏಪ್ರಿಲ್ ಮಧ್ಯಾಹ್ನ ಬಿಸಿ ಅಳೆಯುವ ಗನ್ ಹಿಡಿದು ನೋಡಿದಾಗ ರಸ್ತೆ 55 ಡಿಗ್ರಿ ಇತ್ತು. ಟೈರ್ ಅಂಚು ಕರಗಿಲ್ಲ, ಚೂರು ಕಿತ್ತಿಲ್ಲ.

ಮಳೆಗಾಲಕ್ಕೆ ಮುಂದೆ ಹಿಂದೆ ಗಾಳಿ ಬೇರೆ ಬೇರೆ ಇಡುತ್ತೇನೆ. ಎಷ್ಟೆಷ್ಟು ಅಂತ ಹೇಳಲ್ಲ, ಬಟನ್ ಮೇಲೆ ಅಡ್ಡಕ್ಕೆ ಸೀಮೆಸುಣ್ಣದ ಗೆರೆ ಗೀಚಿ, ಓಡಿಸಿ ನೋಡಿ ಕಂಡುಕೊಂಡದ್ದು ಅದು. ಗೆರೆ ಪೂರ್ತಿ ಒಂದೇ ಸಮ ಅಳಿಸಿಹೋಗುವ ತನಕ ನೀವೂ ಗೀಚಿ. ಇನ್ನೊಂದು ಅಲೈನ್ಮೆಂಟ್ ವಿಷಯ, ಅದನ್ನು ನನ್ನ ಮೆಕ್ಯಾನಿಕ್ ಹೇಳಬೇಡ ಅಂದಿದ್ದಾರೆ. ಹೇಳಬಹುದಾದದ್ದು ಇಷ್ಟು: 5,000 ಕಿಲೋಮೀಟರ್‌ಗೊಮ್ಮೆ ಮುಂದಿನದ್ದು ಹಿಂದೆ ಹಾಕುತ್ತೇನೆ, ಎರಡರ ಬಟನ್ ನಡುವೆ ಒಂದು ಎಂಎಂಗಿಂತ ಜಾಸ್ತಿ ಅಂತರ ಬರಲು ಬಿಡುವುದಿಲ್ಲ. ಬಿಟ್ಟರೆ ಒಳ್ಳೆಯ ಜೋಡಿ ಹಿಂದೆಯೇ ಇರಬೇಕು. ಬಟನ್ 3.5 ಎಂಎಂಗೆ ಬಂದ ದಿನ ಟೈರ್ ತೆಗೆಯುತ್ತೇನೆ, 1.6ರ ತನಕ ಕಾಯುವ ಜನ ನಮ್ಮ ಮಳೆ ನೋಡಿಲ್ಲ.

ಒಂದು ಮಳೆಗಾಲ, ಒಂದು ಬೇಸಿಗೆ ಪೂರ್ತಿ ಕಳೆದು ಈಗ 14 ಸಾವಿರ ಕಿಲೋಮೀಟರ್. ಬಟನ್ ಮುಂದೆ 5.7 ಎಂಎಂ, ಹಿಂದೆ 6.2. ಎರಡನೇ ಸೆಟ್ಟಿನ ಅಲಾಯ್ ಇನ್ನೂ ಶೆಡ್‌ನಲ್ಲಿ ಉಂಟು, 18 ಸಾವಿರಕ್ಕೆ ಕೊಡುತ್ತೇನೆ, ಬೆಕ್ಕು ಫ್ರೀ. ಅಮ್ಮ ಮೊನ್ನೆ ಉಡುಪಿಗೆ ಹೋಗುವಾಗ ಕಾಪು ಬಂದದ್ದೇ ಬಾಗಿಲಿನ ಹಿಡಿ ಹಿಡಿದುಕೊಂಡರು. ಜೋರು ಮಳೆ. ಗಾಡಿ ನೆಟ್ಟಗೆ ಹೋಯಿತು. ಹಿಡಿ ಬಿಟ್ಟದ್ದು ಮಾತ್ರ ಉದ್ಯಾವರದಲ್ಲೇ.