ಹಲ್ಲುಚಕ್ರವಿಲ್ಲದೆ 9.5 ಮಿ.ಮೀ. ರೀಲು ಸ್ಕ್ಯಾನ್ ಮಾಡಿದ ನನ್ನ ಅನುಭವ

ಹಳೆಯದಾಗಿ ಕುಗ್ಗಿದ 9.5 ಮಿ.ಮೀ. ಅಗಲದ ಸಿನಿಮಾ ರೀಲುಗಳನ್ನು ಮನೆಯಲ್ಲಿ ಸ್ಕ್ಯಾನ್ ಮಾಡುವುದು ಆಗದ ಮಾತೆಂದು ಹಳಬ ಸಂಗ್ರಾಹಕರು ಹೇಳುತ್ತಲೇ ಬಂದಿದ್ದರು. ಅವರ ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ. 1922ರಲ್ಲಿ ಫ್ರಾನ್ಸಿನ ಪಾಥೆ ಕಂಪನಿ ಮನೆಬಳಕೆಗೆಂದು ತಂದ ಈ ಅಳತೆಯಲ್ಲಿ ರಂಧ್ರವು ಅಂಚಿನಲ್ಲಿರದೆ ಎರಡು ಫ್ರೇಮುಗಳ ನಡುವೆ ಇರುವುದರಿಂದ, ಫಿಲ್ಮ್ ಕುಗ್ಗಿದಾಗ ರಂಧ್ರಕ್ಕೆ ಸಿಕ್ಕಿ ಫಿಲ್ಮನ್ನು ಎಳೆಯುವ ಪ್ರೊಜೆಕ್ಟರಿನ ಕೊಕ್ಕೆ ಗುರಿತಪ್ಪಿ ಚಿತ್ರದ ನಟ್ಟನಡುವೆಯೇ ಗೀರುತ್ತದೆ.

ಇಂಥ ರೀಲುಗಳ ಪೆಟ್ಟಿಗೆಯೊಂದನ್ನು ಕೊಂಡು, ಮೊದಲು ಒಂದು ಲ್ಯಾಬಿಗೆ ಕಳುಹಿಸಿದೆ. ಇಡೀ ಪೆಟ್ಟಿಗೆಗೆ ನಾನು ಕೊಟ್ಟಿದ್ದರ ಸುಮಾರು ಐದು ಪಟ್ಟು ಹಣ ಕೇಳಿ, ಕೊನೆಗೆ ಆಗುವುದಿಲ್ಲವೆಂದು ಹಿಂದಿರುಗಿಸಿದರು. ಸಾಗಣೆಯ ಖರ್ಚು ನನ್ನ ತಲೆಗೇ ಬಂತು. ಬಳಿಕ ಹಳೆಯ ಪ್ರೊಜೆಕ್ಟರಿನ ಕೊಕ್ಕೆಯನ್ನು ಅರದಿಂದ ಉಜ್ಜಿ ಸಣ್ಣದು ಮಾಡಿದರೂ ಅದು ಒಂದೆರಡು ಅಡಿ ಫಿಲ್ಮನ್ನು ನುಂಗಿತು.

ಆಗ ಹಲ್ಲಿರುವ ಭಾಗಗಳನ್ನೆಲ್ಲ ಕಿತ್ತುಹಾಕಿ, ರಬ್ಬರ್ ಉರುಳೆಯಿಂದ ಫಿಲ್ಮನ್ನು ಮೆಲ್ಲಗೆ ಎಳೆಯುವ ವ್ಯವಸ್ಥೆ ಮಾಡಿದೆ. ಕೆಳಗೆ ಎಲ್‌ಇಡಿ ಬೆಳಕು, ಅದರ ಮೇಲೆ ಹಾಲುಬಣ್ಣದ ಅಕ್ರಿಲಿಕ್ ಹಾಳೆ, ಮೇಲುಗಡೆ ಎನ್‌ಲಾರ್ಜರಿನ (ಫೋಟೊ ದೊಡ್ಡದು ಮಾಡಿ ಮುದ್ರಿಸುವ ಹಳೆಯ ಉಪಕರಣದ) ಲೆನ್ಸನ್ನು ತಿರುಗಿಸಿ ಕೂರಿಸಿದ ಕ್ಯಾಮೆರಾ. ಹೊಸ ಮ್ಯಾಕ್ರೋ ಲೆನ್ಸಿನ ಬೆಲೆಯ ಹತ್ತನೇ ಒಂದು ಭಾಗವೂ ಇದಕ್ಕೆ ತಗಲಲಿಲ್ಲ. ಮೇಲಿನ ಮತ್ತು ಕೆಳಗಿನ ರಂಧ್ರಗಳು ಎರಡೂ ಕಾಣುವಷ್ಟು ಅಗಲವಾಗಿ ಪ್ರತಿ ಫ್ರೇಮನ್ನು ಸೆರೆಹಿಡಿದರೆ, ಎಳೆತ ಹೆಚ್ಚುಕಡಿಮೆಯಾದರೂ ಸಾಫ್ಟ್‌ವೇರ್ ರಂಧ್ರವನ್ನೇ ಗುರುತಾಗಿಟ್ಟುಕೊಂಡು ಚಿತ್ರವನ್ನು ಸಾಲಿಗೆ ತರುತ್ತದೆ. ಬೆಳಕಿನ ಮುಂದೆ ಫಿಲ್ಮ್ ಹಾದುಹೋಗುವ ಗೇಟಿನ ಒಳಮೈಗೆ ಏನನ್ನು ಅಂಟಿಸಿದ್ದೇನೆಂಬುದನ್ನು ಮಾತ್ರ ಸದ್ಯಕ್ಕೆ ಹೇಳುವುದಿಲ್ಲ.

ನಡುವೆ, ಕುಗ್ಗಿದ ಫಿಲ್ಮ್ ಸರಿಹೋದೀತೇ ಎಂದು ಕರ್ಪೂರದ ಪ್ರಯೋಗವೂ ನಡೆಯಿತು. ಕರ್ಪೂರದೊಡನೆ ಡಬ್ಬಿಯಲ್ಲಿ ಕೆಲವು ವಾರ ಇಟ್ಟ ರೀಲಿನ ಸುರುಳಿ ತುಸು ಸಡಿಲವಾಯಿತು, ಕುಗ್ಗಿದ್ದು ಕುಗ್ಗಿದಂತೆಯೇ ಉಳಿಯಿತು. ವಾಸನೆ ಇನ್ನೂ ಹೋಗಿಲ್ಲ.

ಹೆಚ್ಚು ಕಾಡಿದ್ದು ಶೀರ್ಷಿಕೆಗಳು, ಅಂದರೆ ಮೂಕಿ ಚಿತ್ರದ ನಡುನಡುವೆ ಬರುವ ಬರಹಗಳು. ಹತ್ತು ಮೀಟರಿನ ರೀಲಿನಲ್ಲಿ ಇರುವುದು ಸುಮಾರು 1,300 ಫ್ರೇಮುಗಳು. ಸೆಕೆಂಡಿಗೆ 16ರಂತೆ ಓಡಿಸಿದರೆ ಒಂದೂವರೆ ನಿಮಿಷವೂ ಇಲ್ಲ. ಫಿಲ್ಮ್ ಉಳಿಸಲೆಂದು ಪಾಥೆಯವರು ಶೀರ್ಷಿಕೆಗೆ ಬೆರಳೆಣಿಕೆಯ ಫ್ರೇಮುಗಳನ್ನಷ್ಟೇ ಕೊಟ್ಟು ಅಂಚಿನಲ್ಲಿ ಕಚ್ಚು ಹಾಕಿದ್ದರು. ಆ ಕಚ್ಚು ಸಿಕ್ಕೊಡನೆ ಪ್ರೊಜೆಕ್ಟರ್ ಚಿತ್ರವನ್ನು ಕೆಲವು ಸೆಕೆಂಡು ನಿಲ್ಲಿಸಿಕೊಳ್ಳುತ್ತಿತ್ತು. ನನ್ನ ಸ್ಕ್ಯಾನಿನಲ್ಲಿ ಅವು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯವಾಗುತ್ತಿದ್ದವು. ಈಗ ಅಂಚನ್ನೂ ಸೇರಿಸಿ ತೆಗೆದು, ಕಚ್ಚು ಕಂಡಲ್ಲಿ ಅದೇ ಫ್ರೇಮನ್ನು ಎಂಬತ್ತು ಬಾರಿ ಮರುಕಳಿಸುವಂತೆ ಮಾಡಿದ್ದೇನೆ.

ಇಷ್ಟು ಪಾಡೇಕೆಂದರೆ, ದೊಡ್ಡ ಅಳತೆಯ ಪ್ರತಿ ನಾಶವಾಗಿ ಈ ಪುಟ್ಟ ರೀಲಿನಲ್ಲಷ್ಟೇ ಉಳಿದ ಮೂಕಿ ಚಿತ್ರಗಳಿವೆ. ಫ್ರೆಂಚ್ ನಿರ್ದೇಶಕ ಅಬೆಲ್ ಗಾನ್ಸ್‌ನ ಮೂಕಿ ಚಿತ್ರ ‘ನೆಪೋಲಿಯನ್’ ಅನ್ನು ದಶಕಗಳ ಕಾಲ ಹುಡುಕಿ ಜೋಡಿಸಿದ ಬ್ರಿಟಿಷ್ ಚಲನಚಿತ್ರ ಇತಿಹಾಸಕಾರ ಕೆವಿನ್ ಬ್ರೌನ್‌ಲೋ ಅವರ ಬೆನ್ನಟ್ಟುವಿಕೆ ಶಾಲಾದಿನಗಳಲ್ಲಿ ಆರಂಭವಾದದ್ದೂ 9.5 ಮಿ.ಮೀ. ರೀಲುಗಳಿಂದಲೇ.

ಆಗುವುದಿಲ್ಲವೆಂದಿದ್ದವರೇ ಈಗ ನನಗೆ ರೀಲು ಕಳುಹಿಸುತ್ತಿದ್ದಾರೆ. ಫಿಲ್ಮ್ ಹಾಳಾಗುತ್ತಿರುವುದರ ಗುರುತಾದ ವಿನೆಗರ್ ವಾಸನೆ ಹೊಡೆಯುವ ರೀಲುಗಳನ್ನು ಬೇರೆ ಡಬ್ಬಿಯಲ್ಲಿ ಕಳುಹಿಸಬೇಕೆಂಬುದೊಂದೇ ನನ್ನ ಷರತ್ತು.