2,700 ರೂಪಾಯಿಯ ವ್ಯತ್ಯಾಸ

ಸತತ ಆರು ದಿನ, ಸಂಜೆ ಏಳರಿಂದ ಒಂಬತ್ತೂವರೆಯವರೆಗೆ ನಾನು 2,700 ರೂಪಾಯಿ ಹುಡುಕುತ್ತ ಕುಳಿತಿದ್ದೆ. ಹಣ ಕಳೆದಿರಲಿಲ್ಲ, ತಿಜೋರಿಯಲ್ಲಿದ್ದ ನಗದು ಪೈಸೆ ಪೈಸೆಗೆ ಸರಿಯಾಗಿತ್ತು. ಆದರೆ ಕಂಪ್ಯೂಟರಿಗೆ ಏರಿಸಿದ ಮಧ್ಯಮಾವಧಿ ಸಾಲಗಳ ಬಾಕಿಯನ್ನು ಸದಸ್ಯವಾರು ಕೂಡಿಸಿದರೆ, ಲೆಕ್ಕಪರಿಶೋಧನೆಯಾದ ಅಢಾವೆ ಪತ್ರಿಕೆಯಲ್ಲಿದ್ದ (ಬ್ಯಾಲೆನ್ಸ್ ಶೀಟ್) ಮೊತ್ತಕ್ಕಿಂತ ಅಷ್ಟು ಕಡಿಮೆ ಬರುತ್ತಿತ್ತು. ಈ ಎರಡು ಅಂಕಿ ತಾಳೆಯಾಗದೆ ಮುಂದಿನ ಹೆಜ್ಜೆ ಇಡುವಂತಿರಲಿಲ್ಲ. ಕೈಬರಹದ ಕಾಲವಾಗಿದ್ದರೆ, ತಾಳೆಯಾಗದ ಮೊತ್ತವನ್ನು ತಾತ್ಕಾಲಿಕವಾಗಿ ಹಾಕಿಡುವ ಅನಾಮತ್ತು ಖಾತೆಗೆ ಒಂದು ಸಾಲು ಬರೆದು ಮನೆಗೆ ಹೋಗುತ್ತಿದ್ದೆ. ನಮ್ಮ ಅನಾಮತ್ತು ಖಾತೆಯಲ್ಲಿ ನಾನು ಶಾಲೆಗೆ ಹೋಗುತ್ತಿದ್ದ ಕಾಲದ ಮೊತ್ತಗಳು ಇನ್ನೂ ನಿದ್ದೆ ಮಾಡುತ್ತಿದ್ದವು.

ನಾನು ಗದಗ ಜಿಲ್ಲೆಯ ಕಪ್ಪತಗುಡ್ಡದ ಮಗ್ಗುಲಿನ ಒಂದು ಊರಿನಲ್ಲಿ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದ ಕಾರ್ಯದರ್ಶಿ. ಊರಿನವರ ಬಾಯಲ್ಲಿ ಅದು ಸೊಸೈಟಿ. ಸುಮಾರು 740 ಸದಸ್ಯರು. ಹೆಸರುಕಾಳು, ಶೇಂಗಾ, ಗೋವಿನಜೋಳ, ಉಳ್ಳಾಗಡ್ಡಿ ಬೆಳೆಯುವವರು. ನಮ್ಮದೇ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಹಕಾರ ಸಂಘದ ಹೆಸರು ಈ ಭಾಗದ ಪ್ರತಿ ವಾರ್ಷಿಕ ಸಭೆಯ ಭಾಷಣದಲ್ಲೂ ಬರುತ್ತದೆ. ಅದಾಗಿ ನೂರಾ ಹದಿನೈದು ವರ್ಷ ಕಳೆದರೂ ನಮ್ಮ ಲೆಕ್ಕ ಮಾತ್ರ ಕೆಂಪು ಬಟ್ಟೆ ಸುತ್ತಿದ ರಟ್ಟಿನ ಪುಸ್ತಕದಲ್ಲೇ ಇತ್ತು. ಅದನ್ನು ಯಾರೂ ಭಾಷಣದಲ್ಲಿ ಹೇಳುತ್ತಿರಲಿಲ್ಲ.

2022ರ ಜೂನ್‌ನಲ್ಲಿ ಕೇಂದ್ರ ಸಂಪುಟ ದೇಶದ 63,000 ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಎಲ್ಲ ಸಂಘಗಳಿಗೂ ಒಂದೇ ತಂತ್ರಾಂಶ, ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್‌ನ ಮೇಲುಸ್ತುವಾರಿ. ನಮ್ಮ ಸರದಿ ಬಂದಾಗ ಕಂಪ್ಯೂಟರ್, ಪ್ರಿಂಟರ್, ಬೆರಳಚ್ಚು ಯಂತ್ರ ಎಲ್ಲವೂ ರಟ್ಟಿನ ಪೆಟ್ಟಿಗೆಗಳಲ್ಲಿ ಬಂದವು. ಆಡಳಿತ ಮಂಡಳಿಯವರು ಊದುಬತ್ತಿ ಬೆಳಗಿ, ಕಾಯಿ ಒಡೆದು, ಫೋಟೊ ತೆಗೆಸಿಕೊಂಡು ಹೋದರು. ಕೆಲಸ ಅಲ್ಲಿಂದ ಶುರುವಾಯಿತು.

ನನಗೆ ಭಯ ಇದ್ದದ್ದು ಯಂತ್ರದ್ದಲ್ಲ, ಹೆಸರಿನದು. ಅದಕ್ಕೆ ಕಾರಣ 2018ರ ಸಾಲಮನ್ನಾ. ಆಗ ಪ್ರತಿಯೊಬ್ಬ ಸಾಲಗಾರನ ಆಧಾರ್, ಪಡಿತರ ಚೀಟಿ, ಜಮೀನಿನ ಸರ್ವೆ ನಂಬರು ಮೂರನ್ನೂ ಆನ್‌ಲೈನ್‌ನಲ್ಲಿ ಹೊಂದಿಸಬೇಕಿತ್ತು. ಆದರೆ ಒಬ್ಬೊಬ್ಬನಿಗೂ ಮೂರು ಕಡೆ ಮೂರು ಹೆಸರು. ಪಹಣಿಯಲ್ಲಿ ಅಜ್ಜನ ಹೆಸರಿನೊಂದಿಗೆ, ಆಧಾರ್‌ನಲ್ಲಿ ಮನೆತನದ ಹೆಸರಿನೊಂದಿಗೆ, ನಮ್ಮ ಖತಾವಣಿ ಎಂಬ ಖಾತೆ ಪುಸ್ತಕದಲ್ಲಿ ಅಡ್ಡ ಹೆಸರಿನೊಂದಿಗೆ. ಹೊಂದದವರ ಮನ್ನಾ ತಿಂಗಳುಗಟ್ಟಲೆ ನಿಂತಿತು. ಅವರು ಬಂದು ಕುಳಿತದ್ದು ಬೆಂಗಳೂರಿನಲ್ಲಿ ಅಲ್ಲ, ನನ್ನ ಮೇಜಿನ ಎದುರು.

ನಮ್ಮ ಖತಾವಣಿಯ ಹೆಸರುಗಳನ್ನು ನೋಡಿದರೆ ಹೊರಗಿನವರಿಗೆ ನಗು ಬರುತ್ತದೆ. ಒಂದೇ ಪುಟದಲ್ಲಿ ಮೂವರು ಬಸಪ್ಪಂದಿರು: 'ಕೆರೆ ದಂಡೆ ಬಸಪ್ಪ', 'ಮೂಲಿಮನಿ ಬಸಪ್ಪ', ಮೂರನೆಯವನು ಬರೇ 'ಬಸಪ್ಪ (ಸಣ್ಣವ)'. ಆ ಸಣ್ಣವನಿಗೆ ಈಗ ಎಪ್ಪತ್ತು ದಾಟಿದೆ. ಹಿಂದಿನ ಕಾರ್ಯದರ್ಶಿಗೆ ಇಡೀ ಊರು ಬಾಯಿಪಾಠ ಇದ್ದುದರಿಂದ ಈ ಗುರುತು ಸಾಕಾಗುತ್ತಿತ್ತು. ತಂತ್ರಾಂಶಕ್ಕೆ ಆಧಾರ್‌ನಲ್ಲಿರುವ ಹೆಸರು, ಹನ್ನೆರಡು ಅಂಕಿ, ಹುಟ್ಟಿದ ದಿನಾಂಕ ಬೇಕು. ಅರ್ಧ ಊರಿನವರ ಹುಟ್ಟಿದ ದಿನಾಂಕ ಜನವರಿ 1.

ಅದಕ್ಕೂ ಮೊದಲು ಇನ್ನೊಂದು ಹಳೆಯ ಪಾಪ ಕಳೆಯಬೇಕಿತ್ತು. ಹತ್ತು ಹನ್ನೆರಡು ವರ್ಷದ ಕೆಳಗೆ ನಾನೇ ಉತ್ಸಾಹದಿಂದ ಸದಸ್ಯರ ಪಟ್ಟಿಯನ್ನು ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿ ಎಕ್ಸೆಲ್‌ನಲ್ಲಿ ಇಟ್ಟಿದ್ದೆ. ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಒಂದಕ್ಷರ ಕನ್ನಡವಿಲ್ಲ; ತಲೆಯ ಮೇಲೆ ಚುಕ್ಕೆ ಗೀರು ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆ. ಹಳೆಯ ನುಡಿ ಕಡತದಲ್ಲಿ ಕನ್ನಡ ಕಾಣುವುದು ಫಾಂಟ್ ಇದ್ದಾಗ ಮಾತ್ರ, ಒಳಗಿರುವುದು ಇಂಗ್ಲಿಷ್ ಅಕ್ಷರದ ಸಂಕೇತಗಳೇ. ಅಕಾರಾದಿಯಲ್ಲಿ ಜೋಡಿಸು ಎಂದರೆ ಅದೇ ಕಾರಣಕ್ಕೆ 'ಮ' ಮೊದಲು ಬಂದು 'ಅ' ಎಲ್ಲೋ ನಡುವೆ ಸಿಗುತ್ತಿತ್ತು. ಪರಿವರ್ತಕದಲ್ಲಿ ಹಾಕಿ, ಯಾವ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ಗೆ ಬದಲಿಸಿಕೊಂಡೆ. ಬಹುಪಾಲು ಸರಿಯಾಯಿತು, ಆದರೆ ಕೆಲವು ಒತ್ತುಗಳೂ ಅರ್ಕಾವತ್ತುಗಳೂ ದಾರಿ ತಪ್ಪಿದ್ದವು. 740 ಹೆಸರುಗಳನ್ನು ಒಂದೊಂದಾಗಿ ಓದಿದೆ. ಯೂನಿಕೋಡ್‌ನಲ್ಲೇ ಟೈಪ್ ಮಾಡಿಟ್ಟಿದ್ದರೆ ಎರಡು ವಾರ ಉಳಿಯುತ್ತಿತ್ತು.

ಇನ್ನು ನನ್ನ ದೊಡ್ಡ ತಪ್ಪು. ಬಾಕಿಯನ್ನು ಕಂಪ್ಯೂಟರಿಗೆ ಏರಿಸುವ ಮೊದಲು ಸದಸ್ಯರಿಂದಲೇ ಖಾತ್ರಿ ಮಾಡಿಸಿಕೊಳ್ಳಬೇಕು ಎಂಬುದು ಸರಿಯಾದ ವಿಚಾರ. ಅದಕ್ಕೆ ನಾನು ಹಿಡಿದ ದಾರಿ ತಪ್ಪು. ಎಲ್ಲರ ಹೆಸರು, ಸಾಲ, ಬಾಕಿ ಮುದ್ರಿಸಿ ಸೂಚನಾ ಫಲಕಕ್ಕೆ ಅಂಟಿಸಿ, 'ವ್ಯತ್ಯಾಸವಿದ್ದಲ್ಲಿ ಎಂಟು ದಿನದೊಳಗೆ ತಿಳಿಸಿರಿ' ಎಂದು ಬರೆದೆ. ಎಂಟು ದಿನ ಬೇಕಾಗಲಿಲ್ಲ. ಮರುದಿನ ಮಧ್ಯಾಹ್ನದ ಹೊತ್ತಿಗೆ ಜಂಟಿ ಖಾತೆಯ ಜಮೀನಿನ ಮೇಲೆ ಅಣ್ಣ ಒಬ್ಬನೇ ಸಾಲ ಎತ್ತಿದ್ದು ತಮ್ಮನಿಗೆ ಗೊತ್ತಾಗಿ, ಇಬ್ಬರೂ ನಮ್ಮ ಕಟ್ಟೆಯ ಮೇಲೆಯೇ ಕೈ ಮಿಲಾಯಿಸುವ ಹಂತಕ್ಕೆ ಬಂದರು. ಇನ್ನೊಬ್ಬರ ಮಗಳ ಮದುವೆ ಮಾತುಕತೆ ನಡೆದಿತ್ತು. ಬೀಗರಾಗಬೇಕಾದವರು ಫಲಕ ಓದಿಕೊಂಡು ಹೋಗಿದ್ದರು. ಆ ತಾಯಿ ಬಂದು, "ಸಾಹೇಬರೇ, ನಾವು ಸಾಲ ಮಾಡಿದ್ದು ನಿಮ್ಮ ಹತ್ತಿರ, ಊರಿನ ಹತ್ತಿರ ಅಲ್ಲ" ಎಂದರು. ಅಂದೇ ಸಂಜೆ ಹಾಳೆ ಕಿತ್ತೆ. ಆಮೇಲೆ ಪ್ರತಿಯೊಬ್ಬರಿಗೂ ಪ್ರತ್ಯೇಕ ಚೀಟಿ ಮುದ್ರಿಸಿ, ಮಡಚಿ, ಅವರವರ ಕೈಗೇ ಕೊಟ್ಟು ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿಕೊಂಡೆ. ಐದು ವಾರ ಹಿಡಿಯಿತು. ಈ ಕೆಲಸಕ್ಕೆ ಇಳಿಯುವ ಇತರ ಕಾರ್ಯದರ್ಶಿಗಳು ಕೇಳಿದರೆ ನಾನು ಮೊದಲು ಹೇಳುವುದು ಈ ಚೀಟಿಯ ವಿಷಯವನ್ನೇ.

ಈಗ ಆ 2,700ಕ್ಕೆ ಬರುತ್ತೇನೆ. ವ್ಯತ್ಯಾಸವನ್ನು ಒಂಬತ್ತರಿಂದ ಭಾಗಿಸಿದಾಗ ಶೇಷ ಉಳಿಯದಿದ್ದರೆ ಎಲ್ಲೋ ಅಕ್ಕಪಕ್ಕದ ಅಂಕಿಗಳು ಅದಲುಬದಲಾಗಿರಬಹುದು ಎಂಬ ಉಪಾಯ ಲೆಕ್ಕ ಬರೆಯುವವರಿಗೆಲ್ಲ ಗೊತ್ತು. 74 ಬರೆಯುವ ಕಡೆ 47 ಬರೆದರೆ ವ್ಯತ್ಯಾಸ 27. ನನ್ನ 2,700 ಒಂಬತ್ತರಿಂದ ಸಲೀಸಾಗಿ ಭಾಗವಾಗುತ್ತಿತ್ತು. ಹೀಗಾಗಿ ಆರು ಸಂಜೆ ನಾನು ಅದಲುಬದಲಾದ ಅಂಕಿಯನ್ನೇ ಹುಡುಕಿದೆ. ಸಿಗಲಿಲ್ಲ. ನಡುವೆ ಕರೆಂಟು ಬೇರೆ ಹೋಗುತ್ತಿತ್ತು. ಕಿಟಕಿಯಿಂದ ನೋಡಿದರೆ ಗುಡ್ಡದ ಮೇಲೆ ಸಾಲು ಸಾಲು ಗಾಳಿಯಂತ್ರಗಳ ಕೆಂಪು ದೀಪ ಮಿನುಗುತ್ತಿರುತ್ತವೆ, ಕೆಳಗೆ ನಾನು ಮೊಬೈಲ್ ಬೆಳಕಿನಲ್ಲಿ ಖತಾವಣಿ ತಿರುವುತ್ತಿರುತ್ತೇನೆ.

ಏಳನೆಯ ದಿನ ಹಳೆಯ ಖತಾವಣಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಹಿಂದಿನ ಕಾರ್ಯದರ್ಶಿಯ ಮನೆಗೆ ಹೋದೆ. ಎತ್ತು, ಬಾವಿ, ಪಂಪ್‌ಸೆಟ್ಟಿಗೆಂದು ಕೊಟ್ಟು ಸುಸ್ತಿಯಾಗಿ ಉಳಿದ 112 ಹಳೆಯ ಖಾತೆಗಳು ಅವರ ಕೈಬರಹದಲ್ಲೇ ಇದ್ದವು, ಅದೂ ಕನ್ನಡ ಅಂಕಿಗಳಲ್ಲಿ. ಟೈಪ್ ಮಾಡಿದ ಹುಡುಗ ಗದಗಿನಲ್ಲಿ ಬಿ.ಕಾಂ. ಓದುತ್ತಿದ್ದವನು, ಚುರುಕು. ಆದರೆ ಅವನು ಕನ್ನಡ ಅಂಕಿಗಳನ್ನು ನೋಡಿದ್ದು ಬಸ್ಸಿನ ನಂಬರ್ ಫಲಕದ ಮೇಲೆ ಮಾತ್ರ.

"ಕಾಕಾ, ಇದು ಆರೋ ಒಂಬತ್ತೋ?"

ಅವರು ಪುಸ್ತಕವನ್ನು ಮಾರು ದೂರ ಹಿಡಿದು, ಕನ್ನಡಕ ಹಣೆಗೆ ಏರಿಸಿ ನೋಡಿದರು. "ಒಂಬತ್ತು. ನನ್ನ ಆರಿಗೆ ಬಾಲ ಒಳಗೆ ಮಡಚಿರುತ್ತದೆ, ನೋಡಿಲ್ಲಿ. ಇಷ್ಟು ವರ್ಷ ನನ್ನ ಪಕ್ಕದಲ್ಲಿ ಕುಳಿತು ಏನು ಕಲಿತೆ ತಮ್ಮಾ?"

ಎಲೆ ಅಡಿಕೆ ಮೆಲ್ಲುತ್ತ 112 ಖಾತೆಗಳನ್ನೂ ಅವರು ಓದಿದರು. ನಾನು ಟೈಪಾದ ಪ್ರತಿಯಲ್ಲಿ ಗುರುತು ಹಾಕುತ್ತ ಹೋದೆ. ಎರಡೇ ತಪ್ಪು. ಒಂದು ಕಡೆ ೯,೪೫೦ ಇದ್ದದ್ದು 6,450 ಆಗಿತ್ತು: 3,000 ಕಡಿಮೆ. ಇನ್ನೊಂದು ಕಡೆ ೧೨,೬೪೦ ಇದ್ದದ್ದು 12,940 ಆಗಿತ್ತು: 300 ಹೆಚ್ಚು. ಉಳಿದದ್ದು 2,700. ಒಂಬತ್ತರ ಉಪಾಯ ನನ್ನನ್ನು ಆರು ದಿನ ಆಟ ಆಡಿಸಿತ್ತು. ಅಂದಿನಿಂದ ನಾನು ಟೈಪ್ ಆದ ಯಾವ ಪಟ್ಟಿಯನ್ನೂ ಒಬ್ಬನೇ ಪರಿಶೀಲಿಸುವುದಿಲ್ಲ. ಒಬ್ಬರು ಪರದೆ ನೋಡಿ ಕೂಗಬೇಕು, ಇನ್ನೊಬ್ಬರು ಪುಸ್ತಕ ಹಿಡಿದು ಹೂಂಗುಟ್ಟಬೇಕು.

ತಂತ್ರಾಂಶ ನಡೆಯಲು ಶುರುವಾದ ಮೇಲೂ ಮೂರು ತಿಂಗಳು ಕೈಪುಸ್ತಕ ಬರೆದೆವು. ಎರಡೆರಡು ಕೆಲಸ ಎಂದು ಗುಮಾಸ್ತರು ಗೊಣಗಿದರು. ಅದರಿಂದ ಆದ ಲಾಭ, ದಿನದ ಕೊನೆಯ ನಗದು ಎರಡರಲ್ಲೂ ಕೂಡಿದಾಗ ನಮಗೆ ಯಂತ್ರದ ಮೇಲೆ ನಂಬಿಕೆ ಬಂತು. ಸದಸ್ಯರಿಗೆ ಅದು ಬರಲು ಇನ್ನೂ ತಡವಾಯಿತು. ಪಾಸ್‌ಬುಕ್ಕಿನಲ್ಲಿ ಮುದ್ರಣವಾದ ಸಾಲಿನ ಪಕ್ಕ ಈಗಲೂ ಹಲವರು ನನ್ನ ಸಹಿ ಕೇಳುತ್ತಾರೆ. ಹಾಕಿಕೊಡುತ್ತೇನೆ.

ಅನುಕೂಲಗಳು ಬಂದವು, ಸುಳ್ಳಲ್ಲ. ಹಿಂದೆ ಸಾಲದ ಬೋಜಾವನ್ನು, ಅಂದರೆ ಜಮೀನಿನ ಮೇಲೆ ಸಾಲವಿದೆ ಎಂಬ ನಮೂದನ್ನು, ಪಹಣಿಯ 11ನೇ ಕಾಲಮ್ಮಿಗೆ ಏರಿಸಲು ರೈತರು ಕಾಗದ ಹಿಡಿದು ತಾಲ್ಲೂಕಿಗೆ ಅಲೆಯಬೇಕಿತ್ತು. ಈಗ ರಾಜ್ಯದ ರೈತರ ನೋಂದಣಿ ತಂತ್ರಾಂಶವಾದ ಫ್ರೂಟ್ಸ್ ಮೂಲಕ ಕುಳಿತಲ್ಲೇ ಕಳಿಸಲು ಬರುತ್ತದೆ. ಅದೇ ಫ್ರೂಟ್ಸ್ ಗುರುತಿನ ಸಂಖ್ಯೆ ರೈತರ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುವ 2021ರ ರೈತ ವಿದ್ಯಾನಿಧಿಗೂ ಬೇಕಾಯಿತು. ನಮ್ಮೂರಿನ ಒಬ್ಬ ಹುಡುಗಿಗೆ ಪದವಿಯ 5,500 ರೂಪಾಯಿ ಬಂದಿರಲಿಲ್ಲ. ಕಾಲೇಜಿಗೆ ಎರಡು ಸಲ, ಬ್ಯಾಂಕಿಗೆ ಮೂರು ಸಲ ಹೋಗಿ ಬಂದಿದ್ದಳು. ನೋಡಿದರೆ ಅಪ್ಪನ ಹೆಸರಿನಲ್ಲಿ ಫ್ರೂಟ್ಸ್ ನೋಂದಣಿಯೇ ಆಗಿರಲಿಲ್ಲ, ಆಗಿದ್ದದ್ದು ಅಜ್ಜನ ಹೆಸರಿನಲ್ಲಿ. ಅಪ್ಪನ ಪಾಲಿನ ಸರ್ವೆ ನಂಬರಿನ ಪಹಣಿ ಕೊಟ್ಟು ರೈತ ಸಂಪರ್ಕ ಕೇಂದ್ರದಲ್ಲಿ ನೋಂದಣಿ ಮಾಡಿಸಿದ ಮೇಲೆ ದಾರಿ ಸರಿಯಾಯಿತು.

ಮೊಬೈಲ್ ಸಂದೇಶದ ಕಥೆ ಬೇರೆ. ಹಿರಿಯರು ನಂಬರು ಕೇಳಿದಾಗ ಮಗನ ನಂಬರು ಕೊಟ್ಟಿರುತ್ತಾರೆ. ಒಬ್ಬ ಯಜಮಾನರಿಗೆ 40,000 ಸಾಲ ಬಿಡುಗಡೆಯಾದದ್ದು ಹುಬ್ಬಳ್ಳಿಯಲ್ಲಿದ್ದ ಮಗನಿಗೆ ಅದೇ ನಿಮಿಷಕ್ಕೆ ತಿಳಿಯಿತು. ಸಂಜೆಯ ಬಸ್ಸಿಗೆ ಅವನು ಊರಿಗೆ ಹಾಜರು. ಈಗ ನಂಬರು ಬರೆದುಕೊಳ್ಳುವಾಗ, "ಈ ಫೋನು ಯಾರ ಜೇಬಿನಲ್ಲಿರುತ್ತದೆ?" ಎಂದು ಕೇಳುತ್ತೇನೆ.

ನನಗೆ ಇನ್ನೂ ಅರಗದಿರುವುದು ಮಾರ್ಚ್ 31. ನಮ್ಮಲ್ಲಿ ಗಡುವಿನೊಳಗೆ ಬೆಳೆಸಾಲ ಕಟ್ಟಿದವರಿಗೆ ಮಾತ್ರ ಶೂನ್ಯ ಬಡ್ಡಿ; ಆ ಸಾಲದ ಮಿತಿಯನ್ನು ರಾಜ್ಯ ಸರ್ಕಾರ 2023-24ರ ಬಜೆಟ್‌ನಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದೆ. ಒಂದು ದಿನ ತಪ್ಪಿದರೆ ರಿಯಾಯಿತಿ ಹೋಯಿತು. ಕೈಪುಸ್ತಕದ ಕಾಲದಲ್ಲಿ ಮಾರ್ಚ್ 31 ಸ್ವಲ್ಪ ಉದ್ದದ ದಿನವಾಗಿತ್ತು. ಅಂದಿನ ಕೀರ್ದಿ (ದಿನದ ಲೆಕ್ಕದ ಪುಸ್ತಕ) ಮರುದಿನ ಬೆಳಿಗ್ಗೆಯವರೆಗೂ ತೆರೆದೇ ಇರುತ್ತಿತ್ತು, ಕೊನೆಯ ಬಸ್ಸು ತಪ್ಪಿಸಿಕೊಂಡು ಬಂದವರೂ ಅದರಲ್ಲಿ ಸೇರುತ್ತಿದ್ದರು. ನಿಯಮಕ್ಕೆ ವಿರುದ್ಧ ಎಂದು ಗೊತ್ತಿತ್ತು, ಆದರೂ ನಡೆಯುತ್ತಿತ್ತು. ಕಾರ್ಯದರ್ಶಿಗೆ ಬೇಕಾದವರಿಗೆ ಹೆಚ್ಚು ನಡೆಯುತ್ತಿತ್ತು ಎಂಬುದನ್ನೂ ಹೇಳಬೇಕು. ತಂತ್ರಾಂಶದಲ್ಲಿ ದಿನ ಮುಗಿಸಿದೆ ಎಂದರೆ ಮುಗಿಯಿತು. ಹಿಂದಿನ ತಾರೀಖಿಗೆ ಹೋಗಲು ಬಾಗಿಲಿಲ್ಲ.

ಅದಕ್ಕಾಗಿ ಈಗ ಫೆಬ್ರುವರಿ ಮೊದಲ ವಾರವೇ ಗಡುವಿನ ಪಟ್ಟಿ ತೆಗೆಯುತ್ತೇನೆ. ಓಣಿವಾರು ವಿಂಗಡಿಸಿ, ಬೈಕಿನಲ್ಲಿ ಹೋಗಿ ಹೇಳಿ ಬರುತ್ತೇನೆ, ಕೊನೆಯ ವಾರ ಫೋನು ಮಾಡುತ್ತೇನೆ. ಕಂಪ್ಯೂಟರ್ ಬಂದ ಮೊದಲ ವರ್ಷ ಇಷ್ಟು ಬುದ್ಧಿ ಇರಲಿಲ್ಲ. ಆ ವರ್ಷ ಏಪ್ರಿಲ್ 1ರ ಬೆಳಿಗ್ಗೆ ಎಂಟಕ್ಕೆ ಒಬ್ಬ ಹಿರಿಯ ಸದಸ್ಯರು ನೋಟಿನ ಕಟ್ಟು ಪಂಚೆಯ ಸೆರಗಿನಲ್ಲಿ ಕಟ್ಟಿಕೊಂಡು ಬಂದರು. ಮೂವತ್ತು ವರ್ಷ ಒಂದು ಕಂತು ತಪ್ಪಿಸಿದವರಲ್ಲ. ಉಳ್ಳಾಗಡ್ಡಿಯ ಹಣ ದಲ್ಲಾಳಿಯಿಂದ ಬರುವುದು ಒಂದು ರಾತ್ರಿ ತಡವಾಗಿತ್ತು. ನಾನು ಪರದೆಯನ್ನು ಅವರ ಕಡೆ ತಿರುಗಿಸಿ ತೋರಿಸಿದೆ. ಅವರು ಪರದೆ ನೋಡಲಿಲ್ಲ, ನನ್ನ ಮುಖವನ್ನೇ ನೋಡಿದರು. ಬಡ್ಡಿಸಮೇತ ಎಣಿಸಿ ಕೊಟ್ಟು, ರಸೀದಿ ತೆಗೆದುಕೊಳ್ಳದೆ ಇಳಿದು ಹೋದರು. ಈಗಲೂ ಸೊಸೈಟಿಗೆ ಅವರೇ ಬರುವುದಿಲ್ಲ. ಪಾಸ್‌ಬುಕ್ ಮೊಮ್ಮಗನ ಕೈಯಲ್ಲಿ ಕಳಿಸುತ್ತಾರೆ.